‘ಇಂದಿಗೆ ಇಷ್ಟು ಸಾಕು’: ಒಂದು ಇಂಗ್ಲಿಷ್ ನುಡಿಯ ಅರ್ಥವೂ ಉಪಯೋಗವೂ



ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದರು. ಶಾಲೆಯ ವರದಿಯನ್ನು ನೀವು ಬೇರೆ ಪುಟಗಳಲ್ಲಿ ಓದುವಿರಾದುದರಿಂದ, ನಾನು ಬಹುಕಾಲ ಕಲಿಸಿದ ಇಂಗ್ಲಿಷ್ ಪಾಠದೊಳಗಿನ ಒಂದು ಚಿಕ್ಕ ನುಡಿಯನ್ನು ಕುರಿತು ಬರೆಯೋಣವೆಂದು ಮನಸ್ಸು ಮಾಡಿದೆನು. ‘ಕಾಲ್ ಇಟ್ ಎ ಡೇ’ ಎಂಬುದೇ ಆ ನುಡಿ. ಅದನ್ನು ನಾನು ಎಷ್ಟೋ ವರ್ಷ ಕಲಿಸಿದ್ದುಂಟು. ಆದರೆ ಅದರ ಅರ್ಥವನ್ನು ನಾನು ಕಲಿತದ್ದು ಮಾತ್ರ ತರಗತಿಯ ಹೊರಗೆ, ಒಬ್ಬ ಗಾರೆ ಕೆಲಸದವರ ಮನೆಯ ಜಗಲಿಯ ಮೇಲೆ.

2004ನೆಯ ಇಸವಿಯಲ್ಲಿ ನಾನು ಸಹಾಯಕ ಉಪಾಧ್ಯಾಯಿನಿಯಾಗಿ ಹತ್ತನೆಯ ತರಗತಿಗೆ ಇಂಗ್ಲಿಷನ್ನು ಕಲಿಸುತ್ತಿದ್ದೆನು. ಒಂದು ದಿನ ಭಾಷಾಂತರಕ್ಕಾಗಿ ಕರಿಹಲಗೆಯ ಮೇಲೆ ‘ಇಟ್ ಈಸ್ ಗೆಟಿಂಗ್ ಡಾರ್ಕ್, ಲೆಟ್ ಅಸ್ ಕಾಲ್ ಇಟ್ ಎ ಡೇ’ ಎಂಬ ವಾಕ್ಯವನ್ನು ಬರೆದೆನು. ಪುಸ್ತಕಗಳನ್ನು ತಿದ್ದಲು ಕುಳಿತಾಗ ಅವುಗಳಲ್ಲಿ ಬಹುಪಾಲು ಎಲ್ಲವುಗಳಲ್ಲಿಯೂ ಒಂದೇ ಉತ್ತರವನ್ನು ಕಂಡೆನು: ‘ಕತ್ತಲಾಗುತ್ತಿದೆ, ಅದನ್ನು ಹಗಲೆಂದು ಕರೆಯೋಣ.’ ಮರುದಿನ ತರಗತಿಯಲ್ಲಿ ನಾವೆಲ್ಲರೂ ಚೆನ್ನಾಗಿ ನಕ್ಕೆವು. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿಯು ಎದ್ದು ನಿಂತು, “ಟೀಚರ್, ಕತ್ತಲನ್ನು ಹಗಲೆಂದು ಕರೆದರೆ ಸುಳ್ಳಾಗುವುದಿಲ್ಲವೇ? ಇಂಗ್ಲಿಷಿನವರು ಹಾಗೇಕೆ ಹೇಳುತ್ತಾರೆ?” ಎಂದು ಕೇಳಿದಳು. ಪ್ರಶ್ನೆಯು ಯುಕ್ತವಾಗಿಯೇ ಇತ್ತು. ನುಡಿಗಟ್ಟುಗಳನ್ನು ಬಿಡಿಬಿಡಿಯಾಗಿ ಪದಕ್ಕೆ ಪದವಿಟ್ಟು ತಿರುಗಿಸಬಾರದೆಂದು ಹೇಳಿ, ‘ಇಂದಿಗೆ ಇಷ್ಟು ಸಾಕು, ಕೆಲಸವನ್ನು ನಿಲ್ಲಿಸೋಣ ಎಂದು ಇದರ ತಾತ್ಪರ್ಯ’ ಎಂಬುದನ್ನು ಬರೆಯಿಸಿ, ನಾನು ಮುಂದಿನ ಪಾಠಕ್ಕೆ ಹೋದೆನು. ಉತ್ತರವು ತಪ್ಪಾಗಿರಲಿಲ್ಲ, ಆದರೆ ಪೂರ್ಣವಾಗಿಯೂ ಇರಲಿಲ್ಲ.

ಪೂರ್ಣವಾದ ಉತ್ತರವನ್ನು ಈಗ ಹೇಳುತ್ತೇನೆ. ಇಲ್ಲಿ ‘ಡೇ’ ಎಂಬುದು ಬೆಳಕಿರುವ ಹಗಲಲ್ಲ, ಒಂದು ದಿನದ ಕೆಲಸ. ‘ಕಾಲ್’ ಎಂಬುದು ಕೂಗಿ ಕರೆಯುವುದಲ್ಲ, ಎಣಿಸುವುದು, ಲೆಕ್ಕಕ್ಕೆ ಹಿಡಿಯುವುದು. ‘ಇಟ್’ ಎಂಬುದು ಇದುವರೆಗೆ ನಾವು ಮಾಡಿರುವ ಕೆಲಸ. ಆದುದರಿಂದ ‘ನಾವು ಮಾಡಿರುವಷ್ಟನ್ನು ಒಂದು ದಿನದ ಕೆಲಸವೆಂದು ಎಣಿಸೋಣ’ ಎಂದು ಹೇಳಿದಂತಾಯಿತು. ಇದರ ಹಳೆಯ ರೂಪವು ‘ಕಾಲ್ ಇಟ್ ಹಾಫ್ ಎ ಡೇ’ ಎಂದು 1838ರ ಸುಮಾರಿನಲ್ಲಿಯೇ ಅಮೇರಿಕದ ಬರಹದಲ್ಲಿ ಕಾಣಬರುತ್ತದೆ. ಹೊತ್ತಿಗೆ ಮುಂಚೆ ಕೆಲಸವನ್ನು ಬಿಟ್ಟು ಹೋಗುವವನು ‘ಇದನ್ನು ಅರ್ಧ ದಿನವೆಂದು ಹಿಡಿಯಿರಿ’ ಎನ್ನುತ್ತಿದ್ದನು. ನಮ್ಮ ನಾಡಿನ ದಿನಗೂಲಿಯ ಲೆಕ್ಕವನ್ನು ಬಲ್ಲವರಿಗೆ ಇದು ಹೊಸತಲ್ಲ. ಮಧ್ಯಾಹ್ನಕ್ಕೆ ಮಳೆ ಬಂದು ಕೆಲಸ ನಿಂತರೆ ‘ಅರ್ಧ ದಿನ ಬರೆದುಕೊಳ್ಳಿ’ ಎಂದು ಮೇಸ್ತ್ರಿಯು ಹೇಳುವನಲ್ಲವೇ? ಅದೇ ಮಾತು ಇದು. ನಮ್ಮ ಬಾಲಿಕೆಯರಿಗೆ ಪರದೇಶದ ಒಗಟೆಂದು ತೋರಿದ ನುಡಿಯು ಅವರಲ್ಲಿ ಎಷ್ಟೋ ಮಂದಿಯ ತಂದೆಯರ ಸಂಜೆಯ ಮಾತಾಗಿತ್ತು.

ಇನ್ನು ಉಪಯೋಗದ ವಿಷಯ. ಇಂಗ್ಲಿಷಿನಲ್ಲಿ ನಿಲ್ಲಿಸುವುದನ್ನು ಸೂಚಿಸುವ ನುಡಿಗಳು ಬಹಳ ಇವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥವು ಕೆಡುತ್ತದೆ. ‘ಗಿವ್ ಅಪ್’ ಎಂದರೆ ಕೈಬಿಡುವುದು. ‘ಥ್ರೋ ಇನ್ ದ ಟವೆಲ್’ ಎಂದರೆ ಸೋಲನ್ನು ಒಪ್ಪಿಕೊಳ್ಳುವುದು. ಮುಷ್ಟಿಯುದ್ಧದಲ್ಲಿ ತನ್ನ ಕಡೆಯವನು ಇನ್ನು ತಾಳಲಾರನೆಂದು ಕಂಡಾಗ ಅವನ ಸಹಾಯಕನು ಕಣದೊಳಕ್ಕೆ ಟವೆಲನ್ನು ಎಸೆಯುವ ವಾಡಿಕೆಯಿಂದ ಅದು ಬಂದಿತು. ‘ಕಾಲ್ ಇಟ್ ಕ್ವಿಟ್ಸ್’ ಎಂಬುದರಲ್ಲಿ ಇಬ್ಬರ ನಡುವಣ ಋಣವು ಸರಿಹೋಯಿತೆಂಬ ಭಾವವಿದೆ. ‘ಕಾಲ್ ಇಟ್ ಎ ಡೇ’ ಎಂಬುದರಲ್ಲಿ ಸೋಲೂ ಇಲ್ಲ, ಜಗಳದ ತೀರ್ಮಾನವೂ ಇಲ್ಲ. ಮಾಡಿದ ಕೆಲಸಕ್ಕೆ ಅದರಲ್ಲಿ ಗೌರವವಿದೆ. ಉಳಿದ ಕೆಲಸಕ್ಕೆ ನಾಳೆಯೆಂಬುದಿದೆ. ಕನ್ನಡದಲ್ಲಿ ಇದನ್ನು ‘ತಿಲಾಂಜಲಿ ಕೊಡುವುದು’ ಎಂದಾಗಲಿ ‘ಕೈ ತೊಳೆದುಕೊಳ್ಳುವುದು’ ಎಂದಾಗಲಿ ತಿರುಗಿಸಿದರೆ ತಪ್ಪಾಗುವುದು. ‘ಇವತ್ತಿಗೆ ಇಲ್ಲಿಗೆ ಸಾಕು’ ಎಂಬುದೇ ಸರಿಯಾದದ್ದು. ಓಡುವ ಬಸ್ಸನ್ನು ನಿಲ್ಲಿಸುವುದಕ್ಕೂ, ಅಳುವ ಮಗುವನ್ನು ಸುಮ್ಮನಿರಿಸುವುದಕ್ಕೂ ಈ ನುಡಿಯು ಸಲ್ಲದು. ಬಹುಕಾಲ ದುಡಿದವರು ಕೆಲಸದಿಂದ ನಿವೃತ್ತರಾಗುವಾಗಲೂ ಇದನ್ನು ಹೇಳುವುದುಂಟು. ಆಗ ‘ದಿನ’ವೆಂದರೆ ಒಂದು ಆಯುಷ್ಯದ ದುಡಿಮೆಯೆಂದು ತಿಳಿಯತಕ್ಕದ್ದು. ಇದು ಆಡುಮಾತಿನ ನುಡಿ. ರಜೆಯ ಅರ್ಜಿಯಲ್ಲಿ ಇದನ್ನು ಬರೆಯುವುದು ಯೋಗ್ಯವಲ್ಲ.

ಇಷ್ಟು ವ್ಯಾಕರಣವನ್ನು ಬಲ್ಲ ನಾನು ಅದೇ ವರ್ಷದಲ್ಲಿ ಮಾಡಿದ ತಪ್ಪನ್ನು ಈಗ ನಿಮಗೆ ಹೇಳಬೇಕಾಗಿದೆ.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನ್ನ ವಿಷಯದ ಫಲಿತಾಂಶವು ಚೆನ್ನಾಗಿರಲಿಲ್ಲ. ಚಿಕ್ಕ ಪ್ರಾಯದ ಉಪಾಧ್ಯಾಯಿನಿಯಾಗಿದ್ದ ನನಗೆ ಅದು ದೊಡ್ಡ ಅವಮಾನವಾಗಿ ತೋರಿತು. ನವೆಂಬರ್ ತಿಂಗಳಿನಿಂದ ನಾಲ್ಕೂವರೆಯ ಕಡೆಯ ಗಂಟೆಯಾದ ಮೇಲೆಯೂ ಬಾಲಿಕೆಯರನ್ನು ಆರು ಗಂಟೆಯವರೆಗೆ ಕುಳ್ಳಿರಿಸಿ ವಿಶೇಷ ಪಾಠವನ್ನು ನಡೆಸತೊಡಗಿದೆನು. ಯಾರೂ ನನ್ನನ್ನು ಹಾಗೆ ಮಾಡೆಂದು ಹೇಳಿರಲಿಲ್ಲ. ಅದರಿಂದ ಅದು ನನ್ನ ತ್ಯಾಗವೆಂದೇ ನಾನು ತಿಳಿದುಕೊಂಡಿದ್ದೆನು. ಹಿಂದಿನ ಬೆಂಚಿನ ಆ ಹುಡುಗಿಯು ಹೊಳೆಯ ಆಚೆಯಿಂದ ಬರುತ್ತಿದ್ದಳು. ಕಡವಿನ ಕಡೆಯ ದೋಣಿಯು ಹೊತ್ತು ಮುಳುಗುವ ಮೊದಲೇ ಹೊರಡುತ್ತಿತ್ತು. ಅದು ತಪ್ಪಿದರೆ ಸೇತುವೆಯನ್ನು ಸುತ್ತಿ ಮೂರು ಮೈಲಿ ನಡೆಯಬೇಕಾಗಿತ್ತು. ಐದೂವರೆಯಾಗುತ್ತಲೇ ಅವಳ ದೃಷ್ಟಿಯು ಕಿಟಕಿಯ ಕಡೆಗೆ ಹೋಗುತ್ತಿತ್ತು. ಒಂದು ದಿನ ಬೇಗನೆ ಹೋಗಲು ಅಪ್ಪಣೆಯನ್ನು ಕೇಳಿದಾಗ, ಇಡೀ ತರಗತಿಯ ಮುಂದೆ ನಾನು, “ಕಲಿಯುವ ಮನಸ್ಸುಳ್ಳವಳಿಗೆ ದೋಣಿ ನೆನಪಾಗುವುದಿಲ್ಲ” ಎಂದು ಬಿಟ್ಟೆನು. ಅವಳು ಏನನ್ನೂ ಹೇಳದೆ ಕುಳಿತಳು. ಆ ವಾರದಲ್ಲಿ ಮೂರು ಸಲ ಅವಳು ಕತ್ತಲೆಯಲ್ಲಿ ಒಬ್ಬಳೇ ಸೇತುವೆಯ ದಾರಿಯಿಂದ ಮನೆಗೆ ಹೋದಳೆಂದು ನನಗೆ ಆಮೇಲೆ ತಿಳಿಯಿತು. ಮುಂದಿನ ಸೋಮವಾರದಿಂದ ಅವಳು ಶಾಲೆಗೆ ಬರಲಿಲ್ಲ.

ಹತ್ತು ದಿನ ಕಾದು, ಒಂದು ಶನಿವಾರ ನಾನೇ ದೋಣಿಯನ್ನು ದಾಟಿ ಅವರ ಮನೆಗೆ ಹೋದೆನು. ಹುಡುಗಿಯ ತಾಯಿಯು ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. “ಬನ್ನಿ ಟೀಚರೇ, ಕುಳಿತುಕೊಳ್ಳಿ” ಎಂದು ಉಪಚರಿಸಿದರು. ಆದರೆ ಕೈ ನಿಲ್ಲಲಿಲ್ಲ. ಎಲೆಯನ್ನು ಕತ್ತರಿಸುವುದು, ಹೊಗೆಸೊಪ್ಪಿನ ಪುಡಿಯನ್ನು ಹಾಕಿ ಸುರುಳಿ ಸುತ್ತುವುದು, ನೂಲು ಕಟ್ಟುವುದು, ತುದಿಯನ್ನು ಮಡಚುವುದು, ಹೀಗೆ ಒಂದಾದ ಮೇಲೊಂದು ನಡೆಯುತ್ತಲೇ ಇತ್ತು. ಮಗಳು ಪಕ್ಕದಲ್ಲಿ ಕುಳಿತು ನೂಲು ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ತಲೆಯನ್ನು ತಗ್ಗಿಸಿದಳು.

ತಂದೆಯವರು ಗಾರೆ ಕೆಲಸದವರು. ಮಾತು ಕಡಿಮೆ. ಮಗಳನ್ನು ಏಕೆ ಬಿಡಿಸಿದಿರೆಂದು ನಾನು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಹೀಗೆಂದರು: “ಟೀಚರೇ, ನಾನು ದಿನಗೂಲಿಯವನು. ಸಂಜೆಯಾದ ಮೇಲೆ ನಮ್ಮ ಮೇಸ್ತ್ರಿ ಹೊಸ ಗಾರೆ ಕಲಸಲು ಬಿಡುವುದಿಲ್ಲ. ಕಲಸಿದ್ದು ಮುಗಿಯಿತೆಂದರೆ ಕರಣೆ ತೊಳೆಯಿರಿ ಎನ್ನುತ್ತಾನೆ. ಗೋಡೆ ಅರ್ಧ ಆಗಿದ್ದರೂ ನಾಳೆ ಅಲ್ಲಿಯೇ ಇರುತ್ತದೆ. ಒಂದೇ ದಿನ ಎತ್ತರ ಏರಿಸಿದರೆ ಹಸಿ ಗಾರೆ ಭಾರ ತಾಳುವುದಿಲ್ಲ, ಗೋಡೆ ವಾಲುತ್ತದೆ. ನಿಮ್ಮ ಶಾಲೆಯಲ್ಲಿ ಹೊತ್ತು ಮುಳುಗುವುದೇ ಇಲ್ಲವೇ?”

ನಾನು ಉತ್ತರ ಕೊಡಲಾರದೆ ಹೋದೆನು. ತರಬೇತಿಯ ಕಾಲೇಜಿನಲ್ಲಿ ಮಕ್ಕಳ ಗ್ರಹಣಶಕ್ತಿಯನ್ನೂ ಆಯಾಸವನ್ನೂ ಕುರಿತು ನಾನು ಓದಿ, ಬರೆದು, ಉತ್ತೀರ್ಣಳಾದವಳು. ಅಲ್ಲಿ ಪುಟಗಟ್ಟಲೆ ಓದಿದುದನ್ನು ಆ ಮನುಷ್ಯರು ಗೋಡೆಯನ್ನು ತೋರಿಸಿ ನಾಲ್ಕು ಮಾತುಗಳಲ್ಲಿ ಹೇಳಿದರು. ಕರಿಹಲಗೆಯ ಮೇಲಿನ ವಾಕ್ಯವು ನನಗೆ ಆಗ ನೆನಪಾಯಿತು. ಕತ್ತಲನ್ನು ಹಗಲೆಂದು ಕರೆದವರು ನನ್ನ ಬಾಲಿಕೆಯರಲ್ಲ, ನಾನೇ. ಆರು ಗಂಟೆಯ ಮಬ್ಬಿನಲ್ಲಿ ದೀಪವನ್ನು ಹಾಕಿ ‘ಇನ್ನೂ ಹೊತ್ತಿದೆ’ ಎಂದು ಅವರಿಗೆ ಹೇಳುತ್ತಿದ್ದವಳು ನಾನು. ಆ ಹುಡುಗಿಯು ತರಗತಿಯಲ್ಲಿ ಕೇಳಿದಂತೆ ಅದು ಸುಳ್ಳೇ ಆಗಿತ್ತು.

ಹೊರಡುವಾಗ ತಾಯಿಯವರು ಇನ್ನೊಂದು ಮಾತನ್ನು ಹೇಳಿದರು. “ಅವಳು ಹೊತ್ತಿಗೆ ಬಂದು ನೂಲು ಕಟ್ಟಿದರೆ ಸಾವಿರ ಬೇಗ ಮುಗಿಯುತ್ತದೆ, ಟೀಚರೇ. ಇಲ್ಲದಿದ್ದರೆ ನನಗೆ ರಾತ್ರಿ ಹತ್ತಾಗುತ್ತದೆ.” ನನ್ನ ವಿಶೇಷ ಪಾಠದ ಒಂದೂವರೆ ಗಂಟೆಯನ್ನು ನಾನು ನನ್ನ ಕೈಯಿಂದ ಕೊಡುತ್ತಿರುವೆನೆಂದು ಎಣಿಸಿದ್ದೆನು; ಅದನ್ನು ಈ ತಾಯಿಯ ನಿದ್ದೆಯಿಂದ ತೆಗೆದುಕೊಳ್ಳುತ್ತಿದ್ದೆನೆಂಬುದು ನನಗೆ ತಿಳಿದಿರಲಿಲ್ಲ.

ಸೋಮವಾರದ ದಿನ ನಾನು ಆಗಿನ ಮುಖ್ಯೋಪಾಧ್ಯಾಯಿನಿಯವರ ಬಳಿಗೆ ಹೋಗಿ ನಡೆದದ್ದನ್ನೆಲ್ಲಾ ಅರಿಕೆ ಮಾಡಿಕೊಂಡೆನು. ಅವರು ನನ್ನನ್ನು ಗದರಿಸಲಿಲ್ಲ. ವಿಶೇಷ ಪಾಠವನ್ನು ಬೆಳಿಗ್ಗೆ ಮುಕ್ಕಾಲು ಗಂಟೆಗೆ ಇಳಿಸಬೇಕೆಂದೂ, ಸಂಜೆಯ ಕಡೆಯ ಗಂಟೆಯಾದ ಮೇಲೆ ಯಾರನ್ನೂ ನಿಲ್ಲಿಸಬಾರದೆಂದೂ ಹೇಳಿದರು. ನಾನು ತರಗತಿಯ ಮುಂದೆ, ದೋಣಿಯ ಮಾತನ್ನು ಆಡಬಾರದಾಗಿತ್ತೆಂದು ಒಪ್ಪಿಕೊಂಡೆನು. ಆ ವಾರವೇ ಹುಡುಗಿಯು ಮರಳಿ ಬಂದಳು. ಆ ವರ್ಷವೇ ಉತ್ತೀರ್ಣಳಾದಳು. ಅವಳಿಗೆ ಇಂಗ್ಲಿಷಿನಲ್ಲಿ ಬಹಳ ಹೆಚ್ಚು ಅಂಕಗಳು ಬಂದವೆಂದು ನಾನು ಹೇಳಲಾರೆ. ಆದರೆ ಸಂಜೆಯ ಪಾಠವನ್ನು ನಿಲ್ಲಿಸಿದ್ದರಿಂದ ತರಗತಿಯಲ್ಲಿ ಯಾರೂ ಕೆಡಲಿಲ್ಲವೆಂಬುದು ನಿಶ್ಚಯ. ಅವಳು ಈ ಸಂಚಿಕೆಯನ್ನು ಓದುವವರಲ್ಲಿ ಒಬ್ಬಳು. ಹೆಸರನ್ನು ಬರೆಯದಿದ್ದರೂ ಅವಳಿಗೆ ಗುರುತಾಗುವುದು.

ದಿನಕ್ಕೆ ಒಂದು ಮೇರೆ ಇರಬೇಕೆಂಬುದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಆ ಮೇರೆಯು ಬೇಡಿ, ಹೋರಾಡಿ ಪಡೆದುದಾಗಿದೆ. ಇಂಗ್ಲೆಂಡಿನಲ್ಲಿ ಬಟ್ಟೆಯ ಗಿರಣಿಗಳ ಸ್ತ್ರೀಯರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯೆಂಬ ಶಾಸನವಾದದ್ದು 1847ರಲ್ಲಿ. ನಮ್ಮ ದೇಶದ ಮೊದಲನೆಯ ಕಾರ್ಖಾನೆ ಶಾಸನವು 1881ರದು. ಅದರಲ್ಲಿ ಏಳು ವರ್ಷದ ಮಗುವನ್ನು ಒಂಬತ್ತು ಗಂಟೆ ದುಡಿಸುವುದಕ್ಕೆ ಅಡ್ಡಿಯಿರಲಿಲ್ಲ. 1891ರ ತಿದ್ದುಪಡಿಯಲ್ಲಿ ಸ್ತ್ರೀಯರಿಗೆ ಹನ್ನೊಂದು ಗಂಟೆಯೆಂದು ಗೊತ್ತಾಯಿತು. ಮುಂಬಯಿಯ ಗಿರಣಿ ಕೆಲಸದವರಿಗೆ ಆದಿತ್ಯವಾರದ ರಜೆಯು ದೊರೆತದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಪ್ರಯತ್ನದಿಂದ, 1890ರಲ್ಲಿ. ಎಂಟು ಗಂಟೆಯ ದಿನವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1919ರಲ್ಲಿ ತನ್ನ ಮೊದಲನೆಯ ಒಡಂಬಡಿಕೆಯಾಗಿ ಅಂಗೀಕರಿಸಿತು. ‘ಇಂದಿಗೆ ಸಾಕು’ ಎಂಬ ಸಣ್ಣ ಮಾತನ್ನು ಹೇಳುವ ಹಕ್ಕಿಗಾಗಿ ಲೋಕವು ಇಷ್ಟು ವರ್ಷ ದುಡಿಯಬೇಕಾಯಿತು. ಬೀಡಿಯ ಕೆಲಸದವರಿಗೂ 1966ರಲ್ಲಿ ಒಂದು ಶಾಸನವಾಯಿತು. ಆದರೆ ಮನೆಯ ಜಗಲಿಯಲ್ಲಿ ಕುಳಿತು ಸಾವಿರದ ಲೆಕ್ಕದಲ್ಲಿ ಕಟ್ಟುವ ತಾಯಿಗೆ ಗಂಟೆ ಬಾರಿಸುವವರು ಯಾರು? ಸಾವಿರವಾದಾಗಲೇ ಅವಳಿಗೆ ಸಂಜೆ.

ಈ ನುಡಿಯನ್ನು ಕಲಿಸುವಾಗ ನನಗೆ ಈಗೀಗ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಯಜಮಾನನು ನೆನಪಾಗುತ್ತಾನೆ. ಬೆಳಿಗ್ಗೆ ಬಂದವರಿಗೆ ಕೊಟ್ಟ ದಿನದ ಕೂಲಿಯನ್ನೇ ಅವನು ಸಾಯಂಕಾಲ ಬಂದು ಒಂದೇ ತಾಸು ದುಡಿದವರಿಗೂ ಕೊಟ್ಟನು. ಅವರ ಒಂದು ತಾಸನ್ನು ಅವನು ಒಂದು ದಿನವೆಂದು ಎಣಿಸಿದನು. ಈ ಸಾಮ್ಯವನ್ನು ಜಾಣ್ಮೆಗಾಗಿ ಹೇಳುತ್ತಿಲ್ಲ. ದಿನವನ್ನು ಎಣಿಸುವ ಅಧಿಕಾರವು ಬಹುಮಟ್ಟಿಗೆ ದುಡಿಯುವವರ ಕೈಯಲ್ಲಿರದೆ ದುಡಿಸುವವರ ಕೈಯಲ್ಲಿರುತ್ತದೆ ಎಂಬುದನ್ನು ನಾವು ಮರೆಯಬಾರದು. ತರಗತಿಯಲ್ಲಿ ಆ ಅಧಿಕಾರವು ಉಪಾಧ್ಯಾಯಿನಿಯದು, ಮನೆಯಲ್ಲಿ ಹಿರಿಯರದು. ‘ಸಾಕು’ ಎಂದು ಹೇಳಲು ಮಗುವಿಗೆ ಧೈರ್ಯ ಸಾಲದು. ಅದನ್ನು ನಾವೇ ಹೇಳಬೇಕು.

ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ‘ಇಷ್ಟು ಆಯಿತು’ ಎಂದೂ ಅರ್ಥ, ‘ಸಲಹು’ ಎಂದೂ ಅರ್ಥ. ವ್ಯಾಕರಣದಲ್ಲಿ ಇವೆರಡೂ ಬೇರೆ ಬೇರೆ ಮಾತುಗಳು. ಒಂದರಿಂದ ಇನ್ನೊಂದನ್ನು ಹುಟ್ಟಿಸಲು ನಾನು ಹೋಗುವುದಿಲ್ಲ. ಆದರೆ ಮಕ್ಕಳನ್ನು ಸಾಕುವವರು ‘ಸಾಕು’ ಎಂದು ಹೇಳುವುದನ್ನೂ ಕಲಿಯಬೇಕೆಂದು ನನ್ನ ಅನುಭವವು ಹೇಳುತ್ತದೆ.

ಪಾಲಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಶಾಲೆಯ ಗಂಟೆಯಾದ ಮೇಲೆ ಟ್ಯೂಷನ್, ಟ್ಯೂಷನ್ ಆದ ಮೇಲೆ ಮನೆಯ ಪಾಠ, ಅದಾದ ಮೇಲೆ ರಾತ್ರಿಯ ಓದು ಎಂದು ಹಸಿ ಗಾರೆಯ ಮೇಲೆ ಸಾಲುಸಾಲಾಗಿ ಕಲ್ಲನ್ನು ಏರಿಸಬೇಡಿರಿ. ಮಗಳು ಚೆನ್ನಾಗಿ ಓದಿದ ದಿನ ‘ಇನ್ನೊಂದು ಪಾಠ’ ಎನ್ನದೆ ‘ಇವತ್ತಿಗೆ ಚೆನ್ನಾಯಿತು, ಮಲಗಮ್ಮ’ ಎನ್ನಿರಿ. ಆದರೆ ಪುಸ್ತಕವನ್ನು ತೆರೆಯದೆಯೇ ಮುಚ್ಚುವವಳಿಗೆ ಈ ನುಡಿಯು ಆಶ್ರಯವಾಗದು. ದಿನವೆಂದು ಎಣಿಸಬೇಕಾದರೆ ಎಣಿಸತಕ್ಕ ಕೆಲಸವೂ ಇರಬೇಕಲ್ಲವೇ? ಮತ್ತು ಮಗಳನ್ನು ಮಲಗಿಸಿದ ಬಳಿಕ ಅಡಿಗೆಮನೆಯಲ್ಲಿ ಇನ್ನೂ ಪಾತ್ರೆಯ ಸದ್ದು ಕೇಳುತ್ತಿದ್ದರೆ, ಅಲ್ಲಿರುವವರಿಗೂ ಯಾರಾದರೂ ಈ ಮಾತನ್ನು ಹೇಳಿರಿ. ಬರಿಯ ಬಾಯಿಂದ ಹೇಳಿದರೆ ಸಾಲದು, ಉಳಿದ ಪಾತ್ರೆಗಳನ್ನು ತೊಳೆದಿಡಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಕಛೇರಿಗಳಲ್ಲಿಯೂ ದುಡಿಯುತ್ತಿದ್ದೀರಿ. ಎಲ್ಲರೂ ಮನೆಗಳಲ್ಲಿ ದುಡಿಯುತ್ತಿದ್ದೀರಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರು ಕಿಟಕಿಯ ಕಡೆಗೆ ನೋಡಿದರೆ, ಅಲ್ಲಿ ಅವರಿಗೆ ಏನು ಕಾಣುತ್ತಿದೆಯೆಂದು ಒಮ್ಮೆ ಕೇಳಿರಿ. ನಾನು ಕೇಳದೆ ಹೋದೆನು.

ನಮ್ಮ ಶಾಲೆಯ ಕಡೆಯ ಗಂಟೆಯು ಈಗಲೂ ನಾಲ್ಕೂವರೆಗೇ ಆಗುತ್ತದೆ. ಆ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತು, ಬಾಲಿಕೆಯರೆಲ್ಲರೂ ಹೊರಟರೇ ಎಂದು ನೋಡುವುದನ್ನು ವಾಡಿಕೆ ಮಾಡಿಕೊಂಡಿದ್ದೇನೆ. ನಮ್ಮ ಊರಿನ ಕಡೆಗೆ ಬಂದಾಗ ನೀವೂ ಆ ಹೊತ್ತಿಗೆ ಬನ್ನಿರಿ. ಕುಳಿತು ಮಾತನಾಡುವುದಕ್ಕೆ ನನಗೆ ಬಿಡುವಿರುವುದು.